ಮಾತ್ರೆ ಡಬ್ಬಿಗೊಂದು ಫೋಟೋ

ನಾನು ವೃದ್ಧಾಶ್ರಮವೊಂದರಲ್ಲಿ ನರ್ಸ್. ನಮ್ಮಲ್ಲಿ ಒಂದೇ ಹೆಸರಿನ ಇಬ್ಬರು ಅಜ್ಜಿಯರಿದ್ದಾರೆ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗಿಲ್ಲ. ಇವರ ಮಾತ್ರೆ ಅವರ ಹೊಟ್ಟೆ ಸೇರಿದರೆ ರಕ್ತದಲ್ಲಿ ಸಕ್ಕರೆ ಇಳಿದು ಬೆವರು, ನಡುಕ, ಕೊನೆಗೆ ಪ್ರಜ್ಞೆ ತಪ್ಪುವುದೂ ಉಂಟು. ಅದಕ್ಕೇ ಎಲ್ಲರ ಔಷಧಿ ಡಬ್ಬಿಯ ಮೇಲೂ ಹೆಸರು, ಕೋಣೆ ನಂಬರಿನ ಜೊತೆ ಫೋಟೋ ಅಂಟಿಸಿದ್ದೇವೆ. ಫೋಟೋ ತೆಗೆಯುವ ದಿನ ಇಬ್ಬರೂ ರೇಷ್ಮೆ ಸೀರೆ ಉಟ್ಟು ಬಂದಿದ್ದರು!

ಹೊಸಬರು ಬಂದರೆ ಮೊದಲು ಅವರ ಔಷಧಿ ಚೀಲ ಬಿಚ್ಚಿ ನೋಡುತ್ತೇವೆ. ಒಬ್ಬ ಅಜ್ಜ ಮಾತ್ರೆಗಳನ್ನೆಲ್ಲ ಬಿಡಿಸಿ ಎಲೆ-ಅಡಿಕೆ ಡಬ್ಬಿಗೆ ತುಂಬಿಕೊಂಡು ಬಂದಿದ್ದರು. ಬಹಳ ಜನರ ಹತ್ತಿರ ಇರುವುದು ಸ್ಟ್ರಿಪ್ಪಿನ ತುಂಡುಗಳು. ಅಂಗಡಿಯಲ್ಲಿ ನಾಲ್ಕು ಮಾತ್ರೆ ಕೇಳಿದರೆ ಕತ್ತರಿಸಿ ಕೊಡುತ್ತಾರಲ್ಲ, ಆಗ ಹೆಸರು ಒಂದು ತುಂಡಿಗೆ, ಎಕ್ಸ್‌ಪೈರಿ ತಾರೀಖು ಇನ್ನೊಂದಕ್ಕೆ ಹೋಗಿಬಿಡುತ್ತದೆ. ಹೆಸರಿಲ್ಲದ ಮಾತ್ರೆಯನ್ನು ನಾವು ಯಾರಿಗೂ ಕೊಡುವುದಿಲ್ಲ.

ಸಂಧಿವಾತವಿದ್ದ ಒಬ್ಬ ಅಜ್ಜಿಗೆ ಮನೆಯವರು ಪ್ರೀತಿಯಿಂದಲೇ ಏಳು ಖಾನೆಯ ಡಬ್ಬಿಯಲ್ಲಿ ವಾರದ ಮಾತ್ರೆ ಜೋಡಿಸಿ ಕಳಿಸಿದ್ದರು. ಏಳರಲ್ಲೂ ಒಂದೊಂದು ಪುಟ್ಟ ಹಳದಿ ಮಾತ್ರೆ. ಡಾಕ್ಟರ ಚೀಟಿ ತರಿಸಿ ನೋಡಿದರೆ ಅದು ಮೆಥೊಟ್ರೆಕ್ಸೇಟ್! ಸಂಧಿವಾತಕ್ಕೆ ಅದನ್ನು ವಾರದಲ್ಲಿ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕಡಿಮೆಯಾಗಿ ಜೀವಕ್ಕೇ ಅಪಾಯ. ಪುಣ್ಯಕ್ಕೆ ಆ ಡಬ್ಬಿಯನ್ನು ಅವರಿನ್ನೂ ಶುರು ಮಾಡಿರಲಿಲ್ಲ. ಈಗ ಅವರ ಸ್ಟ್ರಿಪ್ಪಿನ ಮೇಲೆ ‘ಸೋಮವಾರ ಮಾತ್ರ’ ಎಂದು ದಪ್ಪಕ್ಷರದಲ್ಲಿ ಬರೆದಿದೆ.

ಇಡುವ ಜಾಗವೂ ಮುಖ್ಯ. ಒಲೆ ಪಕ್ಕದ ಶೆಲ್ಫು, ಬಚ್ಚಲುಮನೆ ಎರಡೂ ಬೇಡ. ಬಿಸಿ ಮತ್ತು ಹಬೆಗೆ ಮಾತ್ರೆ ಕೆಡುತ್ತದೆ. ಒಡೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ತಂಪು ಬೇಕು, ಆದರೆ ಫ್ರೀಜರ್ ಕೂಡದು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಎಸೆಯಬೇಕು. ಫ್ರಿಜ್ ಇಲ್ಲದ ಹಳ್ಳಿಮನೆಗಳಲ್ಲಿ ಮಡಕೆಯೊಳಗೆ ಮಡಕೆಯಿಟ್ಟು ನಡುವೆ ಒದ್ದೆ ಮರಳು ತುಂಬಿ, ಬಳಸುತ್ತಿರುವ ಇನ್ಸುಲಿನ್ ಕಾಪಾಡುವುದುಂಟು. ಕಣ್ಣಿನ ಡ್ರಾಪ್ಸ್ ತೆರೆದ ದಿನ ಬಾಟಲಿಯ ಮೇಲೆ ತಾರೀಖು ಬರೆಯಿರಿ. ಸಾಮಾನ್ಯವಾಗಿ ನಾಲ್ಕು ವಾರವಾದ ಮೇಲೆ ಅದನ್ನು ಹಾಕಬಾರದು.

ಮಕ್ಕಳೇ, ಬೆಳ್ಳಿ ಬಣ್ಣದ ಹಾಳೆಯ ಮೇಲಿನ ಇರುವೆಯಂಥ ಅಕ್ಷರ ಅಜ್ಜ-ಅಜ್ಜಿಗೆ ಕಾಣುವುದಿಲ್ಲ, ನಿಮಗೆ ಕಾಣುತ್ತದೆ. 07/2027 ಎಂದಿದ್ದರೆ ಆ ಜುಲೈ 31ರವರೆಗೆ ಬಳಸಬಹುದು. ನಮ್ಮಲ್ಲಿಗೆ ಭಾನುವಾರ ಬರುವ ಐದನೇ ಕ್ಲಾಸಿನ ಹುಡುಗಿಯೊಬ್ಬಳು ತಾರೀಖುಗಳನ್ನು ಜೋರಾಗಿ ಓದುತ್ತಾಳೆ, ಅವಳಜ್ಜಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಮಾತ್ರೆ ಬಿಡಿಸಿ ಕೊಡುವುದು ಮಾತ್ರ ನಾನೇ.