ಗೆಲ್ಲುವುದು ಕೈ, ಗೆಲ್ಲಿಸುವುದು ಕಾಲು

ರೋಣ ಸೀಮೆಯ ಸವಡಿಯ ಸುತ್ತಿನದು ಎರೆಯ ನೆಲ. ಮಳೆ ಬಿದ್ದರೆ ಹೆಜ್ಜೆಗೊಂದು ಹೆಂಟೆ ಅಂಟಿಕೊಳ್ಳುವ, ಬೇಸಗೆ ಬಂದರೆ ಬಾಯ್ದೆರೆದು ಬಿರಿಯುವ ಆ ಕರಿಯ ಮಣ್ಣಿನ ಮೇಲೆ ನಡೆಯುವುದೂ ಒಂದು ವಿದ್ಯೆಯೇ ಸರಿ. ಪಾದವನ್ನು ಎಲ್ಲಿ, ಹೇಗೆ, ಎಷ್ಟು ಭಾರದಿಂದ ಊರಬೇಕೆಂಬುದನ್ನು ಅಲ್ಲಿಯ ಹುಡುಗರಿಗೆ ಯಾರೂ ಹೇಳಿಕೊಡುವುದಿಲ್ಲ, ನೆಲವೇ ಕಲಿಸುತ್ತದೆ. ರೋಣಕ್ಕೆ ದ್ರೋಣಪುರವೆಂಬ ಹಳೆಯ ಹೆಸರಿತ್ತೆಂದು ಪ್ರತೀತಿಯುಂಟು. ಪ್ರತೀತಿ ದಿಟವಾಗಿದ್ದ ಪಕ್ಷದಲ್ಲಿ, ಆ ಗುರುವೂ ತನ್ನ ಶಿಷ್ಯರ ಕೈಗೆ ಬಿಲ್ಲು ಕೊಡುವುದಕ್ಕೆ ಮೊದಲು ನೆಟ್ಟಗೆ ನಿಲ್ಲುವುದನ್ನು ಕಲಿಸಿದ್ದಿರಬೇಕು.

ಬ್ಯಾಡ್ಮಿಂಟನ್ ಆಡುವ ನಮ್ಮ ಹವ್ಯಾಸಿಗಳು ಈ ಪಾಠವನ್ನು ತಲೆಕೆಳಗು ಮಾಡಿಕೊಂಡಿದ್ದಾರೆ. ಸಂಜೆಯಾಯಿತೆಂದರೆ ತಾಲ್ಲೂಕು ಪಟ್ಟಣಗಳಲ್ಲಿಯೂ ಈಗ ಷಟಲ್ಲಿನ ಸದ್ದು ಕೇಳುತ್ತದೆ. ಉಪಾಧ್ಯಾಯರು, ಅಂಗಡಿಕಾರರು, ಕಾಲೇಜಿನ ತರುಣ ತರುಣಿಯರು ದೀಪದ ಬೆಳಕಿನಲ್ಲಿ ಉತ್ಸಾಹದಿಂದ ಆಡುತ್ತಾರೆ. ಬೆಲೆಬಾಳುವ ಬ್ಯಾಟು ಬರುತ್ತದೆ, ಅದಕ್ಕೆ ಬಿಗಿಯಾದ ತಂತಿ ಬರುತ್ತದೆ, ಕೈಯ ಹೊಡೆತವೂ ಒಂದಿಷ್ಟು ಬರುತ್ತದೆ. ಆದರೆ ಕಾಲು? ಅದು ತನ್ನ ಪಾಡಿಗೆ ತಾನು ಓಡುತ್ತದೆ, ಎಡವುತ್ತದೆ, ಒಂದು ದಿನ ಹೊರಳಿಬಿಡುತ್ತದೆ. ಆಮೇಲೆ ಪಟ್ಟಿ, ಎಣ್ಣೆ, ಮೂರು ವಾರದ ವಿಶ್ರಾಂತಿ.

ಈ ಆಟದಲ್ಲಿ ಕಾಲಿನ ಪಾಲು ಎಷ್ಟೆಂಬುದನ್ನು ತಿಳಿಯಲು ಸ್ವಲ್ಪ ಲೆಕ್ಕ ಹಾಕಿದರೆ ಸಾಕು. ಒಬ್ಬೊಬ್ಬರೇ ಆಡುವಾಗ ಬಲೆಯ ಈಚೆಗೆ ಒಬ್ಬ ಆಟಗಾರ ಕಾಯಬೇಕಾದ ನೆಲ 22 ಅಡಿ ಉದ್ದ, 17 ಅಡಿ ಅಗಲ. ನಡುವೆ ನಿಂತವನಿಗೆ ಪ್ರತಿ ಮೂಲೆಯೂ ಸುಮಾರು 14 ಅಡಿ ದೂರ. ಚಾಚಿದ ತೋಳು ಮತ್ತು ಬ್ಯಾಟು ಸೇರಿ ನಾಲ್ಕೈದು ಅಡಿಯನ್ನು ಕಳೆದರೆ ಉಳಿದುದು ಒಂಬತ್ತು ಹತ್ತು ಅಡಿ, ಎಂದರೆ ಎರಡು ಮೂರು ಹೆಜ್ಜೆ. ಆ ಎರಡು ಮೂರು ಹೆಜ್ಜೆಗಳನ್ನು ಸರಿಯಾಗಿ ಇಟ್ಟವನಿಗೆ ಹೊಡೆಯಲು ಬಿಡುವಿರುತ್ತದೆ. ಐದಾರು ಗಿಡ್ಡ ಹೆಜ್ಜೆಗಳಲ್ಲಿ ತಡವರಿಸಿದವನು ಷಟಲ್ಲನ್ನು ನೆಲದಿಂದ ಎತ್ತಿಕೊಳ್ಳುತ್ತಾನೆ.

ಉತ್ತರ ಕರ್ನಾಟಕದ ಆಟಗಾರರಿಗೆ ಇಲ್ಲಿ ಇನ್ನೊಂದು ತೊಡಕೂ ಉಂಟು. ನಮ್ಮ ಶಾಲೆಗಳ ಬಯಲಿನಲ್ಲಿ ಬಹುಕಾಲ ಆಡಿದ್ದು ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್. ಅದರ ಅಂಕಣ 24 ಮೀಟರು ಉದ್ದ, 12 ಮೀಟರು ಅಗಲವಿದ್ದರೂ ಅದನ್ನು ಐವರು ಹಂಚಿಕೊಂಡು ಕಾಯುತ್ತಾರೆ. ತನ್ನ ಜಾಗದಲ್ಲಿ ನಿಂತು, ಬಂದ ಚೆಂಡನ್ನು ಬಲವಾಗಿ ಕತ್ತರಿಸುವುದು ಅಲ್ಲಿಯ ಜಾಣತನ. ಅದರಲ್ಲಿ ನುರಿತವನು ಷಟಲ್ಲಿಗೆ ಬಂದಾಗ ಕೈ ಚುರುಕಾಗಿಯೇ ಇರುತ್ತದೆ, ಆದರೆ ಕಾಲು ಕಂಬದಂತೆ ನೆಟ್ಟಿರುತ್ತದೆ. ತಪ್ಪು ಅವನದಲ್ಲ, ಅಭ್ಯಾಸದ್ದು.

ಮದುವೆಯ ಛತ್ರದಲ್ಲಿ ಬೆಳೆದ ವಿದ್ಯೆ

ಅಂಕಣವಿಲ್ಲ, ಸೌಕರ್ಯವಿಲ್ಲ ಎಂದು ಕೊರಗುವವರು ಮಲ್ಲೇಶ್ವರದ ಕಥೆಯನ್ನು ಕೇಳಬೇಕು. ಬೆಂಗಳೂರಿನ ಆ ಬಡಾವಣೆಯಲ್ಲಿ ಕೆನರಾ ಯೂನಿಯನ್ನಿನ ಸಭಾಂಗಣವೊಂದಿದೆ. ಅದರಲ್ಲಿ ಮದುವೆ ಮುಂಜಿಗಳೂ ನಡೆಯುತ್ತಿದ್ದವು. ಅವಿಲ್ಲದ ದಿನ ಬ್ಯಾಡ್ಮಿಂಟನ್ನೂ ನಡೆಯುತ್ತಿತ್ತು. ಶಾಲೆ ಬಿಟ್ಟೊಡನೆ, ಇಂದು ಅಲ್ಲಿ ಸಮಾರಂಭವಿದೆಯೋ ಇಲ್ಲವೋ ಎಂದು ನೋಡಿ, ಇಲ್ಲವೆಂದಾದರೆ ಸಂತೋಷದಿಂದ ಒಳಗೆ ಓಡುತ್ತಿದ್ದ ಹುಡುಗರಲ್ಲಿ 1955ರಲ್ಲಿ ಹುಟ್ಟಿದ ಪ್ರಕಾಶ ಪಡುಕೋಣೆಯವರೂ ಒಬ್ಬರು. ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. ಮಗನ ಕೈಗೆ ಬ್ಯಾಟು ಕೊಟ್ಟವರೂ ಅವರೇ. 1962ರಲ್ಲಿ ರಾಜ್ಯದ ಕಿರಿಯರ ಸ್ಪರ್ಧೆಗೆ ಇಳಿದ ಬಾಲಕ ಮೊದಲ ಸುತ್ತಿನಲ್ಲಿಯೇ ಸೋತ. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಪ್ರಶಸ್ತಿಯನ್ನು ಗೆದ್ದ.

ಆ ಛತ್ರದಿಂದ ಲಂಡನ್ನಿನ ವೆಂಬ್ಲಿಯವರೆಗೆ ಹದಿನೆಂಟು ವರ್ಷಗಳ ದಾರಿ. 1980ರ ಮಾರ್ಚಿಯಲ್ಲಿ ಆಲ್ ಇಂಗ್ಲೆಂಡ್ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ಅವರ ಎದುರು ನಿಂತವನು ಇಂಡೋನೇಷ್ಯದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡು ವರ್ಷವೂ ಅದೇ ಪ್ರಶಸ್ತಿಯನ್ನು ಗೆದ್ದವನು, ನೆಲ ಬಿಟ್ಟು ಮೇಲಕ್ಕೆ ಹಾರಿ ಹೊಡೆಯುವುದರಲ್ಲಿ ಎಣೆಯಿಲ್ಲದವನು. ಪ್ರಕಾಶರು 15-3, 15-10ರಿಂದ ಗೆದ್ದರು. ಅವರ ಮಣಿಕಟ್ಟಿನ ಮಾಯೆಯನ್ನು ಹೊಗಳದವರಿಲ್ಲ. ಆದರೆ ಮಾಯೆಗೆ ಬೇಕಾದ ಬಿಡುವನ್ನು ಗಳಿಸಿಕೊಟ್ಟದ್ದು ಏನು? ಷಟಲ್ ಬೀಳುವ ಎಡೆಗೆ ಮುಂಚಿತವಾಗಿ ಹೋಗಿ, ಕಾಲೂರಿ, ಬ್ಯಾಟನ್ನು ಎತ್ತಿ ಹಿಡಿದು ಕ್ಷಣಮಾತ್ರ ತಡೆಯಬಲ್ಲವನು ಮಾತ್ರ ಎದುರಾಳಿಯನ್ನು ವಂಚಿಸಬಲ್ಲ. ಏದುಸಿರು ಬಿಡುತ್ತ ತಡವಾಗಿ ತಲುಪಿದವನಿಗೆ ಹೊಡೆಯುವುದೊಂದೇ ದಾರಿ, ಆ ದಾರಿ ಎದುರಾಳಿಗೂ ಗೊತ್ತು. ಕಿಂಗ್‌ನಂಥ ಹಾರುವ ಆಟಗಾರನನ್ನು ಮುಂದಕ್ಕೂ ಹಿಂದಕ್ಕೂ ಎಳೆದಾಡಿಸಿ, ಹಾರಲು ಅನುವಾದ ಎತ್ತರದ ಷಟಲ್ಲನ್ನೇ ವಿರಳಗೊಳಿಸಿದ ಆ ಆಟದ ಬೇರು ಕಾಲಿನಲ್ಲಿತ್ತು.

ಹೆಜ್ಜೆಯ ವ್ಯಾಕರಣ

ಎಲ್ಲಕ್ಕೂ ಮೊದಲು ಬರುವುದು ನಿಲುವು. ಪಾದಗಳ ನಡುವೆ ಹೆಗಲಿಗಿಂತ ತುಸು ಹೆಚ್ಚು ಅಂತರ, ಮಣಿದ ಮೊಣಕಾಲು, ಮುಂಗಾಲಿನ ಮೇಲೆ ಭಾರ. ಗರಡಿಯಲ್ಲಿ ಎದುರಾಳಿಯನ್ನು ಹಿಡಿಯುವ ಮುನ್ನ ಪೈಲ್ವಾನನು ನಿಲ್ಲುವ ಬಗೆ ಇದಕ್ಕೆ ಬಹಳ ಹತ್ತಿರದ್ದು. ನೆಟ್ಟಗೆ ನಿಂತ ಕಾಲಿನಿಂದ ಯಾರೂ ಥಟ್ಟನೆ ಚಿಮ್ಮಲಾರರು. ಮೊದಲು ಬಗ್ಗಿ ಆಮೇಲೆ ಚಿಮ್ಮಬೇಕು, ಅಷ್ಟರಲ್ಲಿ ಷಟಲ್ ನೆಲ ಮುಟ್ಟಿರುತ್ತದೆ.

ಎರಡನೆಯದು ಒಂದು ಪುಟ್ಟ ಜಿಗಿತ. ಎದುರಾಳಿಯ ಬ್ಯಾಟು ಷಟಲ್ಲಿಗೆ ತಾಗುವ ಹೊತ್ತಿಗೆ ಸರಿಯಾಗಿ ಎರಡೂ ಪಾದಗಳು ನೆಲದಿಂದ ಅಂಗುಲದಷ್ಟು ಎದ್ದು ಮತ್ತೆ ಇಳಿಯಬೇಕು. ನೋಡುವವರ ಕಣ್ಣಿಗೆ ಅದು ಕಾಣುವುದೂ ಇಲ್ಲ. ಇಳಿಯುವಾಗ ಮೀನಖಂಡದ ಮತ್ತು ತೊಡೆಯ ಸ್ನಾಯುಗಳು ಎಳೆದ ಬಿಲ್ಲಿನ ಹೆದೆಯಂತೆ ಹಿಗ್ಗಿ, ಮರುಕ್ಷಣವೇ ಕುಗ್ಗಿ ದೇಹವನ್ನು ಬೇಕಾದ ದಿಕ್ಕಿಗೆ ಚಿಮ್ಮಿಸುತ್ತವೆ. ಬೇಗ ಜಿಗಿದರೆ ಆ ಶಕ್ತಿ ಆರಿಹೋಗುತ್ತದೆ, ತಡವಾದರೆ ಜಿಗಿದೂ ಫಲವಿಲ್ಲ. ಹವ್ಯಾಸಿಗಳು ಬಿಡಿಬಿಡಿಯಾಗಿ ಏನನ್ನು ಕಲಿಯದಿದ್ದರೂ ಇದೊಂದನ್ನು ಕಲಿತರೆ ಅವರ ಆಟ ತಿಂಗಳೊಪ್ಪತ್ತಿನಲ್ಲಿ ಗುರುತು ಸಿಗದಷ್ಟು ಬದಲಾದೀತು.

ಬಲೆಯ ಕಡೆಗೆ ಹೋಗುವಾಗಿನ ಕೊನೆಯ ಹೆಜ್ಜೆ ನೀಳವಾಗಿರಬೇಕು. ಬ್ಯಾಟು ಹಿಡಿದ ಕೈ ಯಾವುದೋ ಅದೇ ಬದಿಯ ಕಾಲು ಮುಂದೆ. ಮೊದಲು ಹಿಮ್ಮಡಿ ನೆಲಕ್ಕೆ ತಾಗಿ, ಅನಂತರ ಅಂಗಾಲು ಹರಡಿಕೊಳ್ಳಬೇಕು. ಬೆರಳುಗಳು ಹೋಗುತ್ತಿರುವ ದಿಕ್ಕಿಗೇ ಮುಖಮಾಡಿರಬೇಕು, ಮೊಣಕಾಲು ಅವುಗಳ ನೇರಕ್ಕೇ ಇರಬೇಕು. ಪಾದ ಒಂದು ಕಡೆಗೂ ಮೊಣಕಾಲು ಇನ್ನೊಂದು ಕಡೆಗೂ ತಿರುಗಿದಾಗಲೇ ಕೀಲಿಗೆ ಕೇಡು. ಹಿಂದಿನ ಕಾಲು ನೆಲವನ್ನು ಸವರುತ್ತ ಬರಲಿ. ಖಾಲಿ ಕೈ ಹಿಂದಕ್ಕೆ ಚಾಚಿ ತಕ್ಕಡಿಯ ಇನ್ನೊಂದು ತಟ್ಟೆಯಂತೆ ತೂಗಲಿ.

ಹಿಂದಕ್ಕೆ ಸರಿಯುವುದು ಇದಕ್ಕಿಂತ ಕಷ್ಟ. ತಲೆಯ ಮೇಲೆ ಹಾರಿದ ಷಟಲ್ಲನ್ನು ನೋಡುತ್ತ, ಎದೆಯನ್ನು ಬಲೆಗೇ ಕೊಟ್ಟು ಹಿಂಬದಿಗೆ ಓಡುವವರೇ ಹೆಚ್ಚು. ಬೆನ್ನಡಿ ಬೀಳುವವರೂ ಅವರೇ. ಮೊದಲು ಸೊಂಟ ತಿರುಗಬೇಕು, ಆಮೇಲೆ ಅಡ್ಡಹೆಜ್ಜೆಯಲ್ಲಿ ಸರಿಯಬೇಕು. ಹೊಡೆಯುವಾಗ ಗಾಳಿಯಲ್ಲಿ ಕಾಲುಗಳು ಕತ್ತರಿಯಂತೆ ಅದಲುಬದಲಾಗಿ, ಹಿಂದಿದ್ದುದು ಮುಂದೆ ಬಿದ್ದು ದೇಹವನ್ನು ನಡುವಿಗೆ ತಳ್ಳಬೇಕು. ಬಲಗೈ ಆಟಗಾರ ಎಡಹಿಂಬದಿಯ ಮೂಲೆಯಲ್ಲಿ ತಲೆಯ ಮೇಲಿಂದ ಹೊಡೆದು ಒಂಟಿ ಎಡಗಾಲಿನ ಮೇಲೆ ಇಳಿಯುತ್ತಾನಷ್ಟೆ. ಮೊಣಕಾಲಿನೊಳಗಿನ ಕಟ್ಟು ಹರಿಯುವುದಕ್ಕೆ ಆ ಗಳಿಗೆಯೇ ಮುಖ್ಯ ಕಾರಣಗಳಲ್ಲಿ ಒಂದೆಂದು ಜಪಾನಿನ ವೈದ್ಯರು 2010ರಲ್ಲಿ ಪ್ರಕಟಿಸಿದ್ದಾರೆ. ಆದುದರಿಂದ ಇಳಿಯುವುದನ್ನೂ ಕಲಿಯಬೇಕು: ಮೊಣಕಾಲು ಮಣಿದಿರಲಿ, ಒಳಕ್ಕೆ ವಾಲದಿರಲಿ.

ಸಮತೋಲದ ಗುಟ್ಟು

ಮನುಷ್ಯ ಬೀಳದೆ ನಿಲ್ಲುವುದು ಮೂರು ಆಸರೆಗಳಿಂದ. ಕಣ್ಣು, ಒಳಗಿವಿಯ ದ್ರವನಾಳಗಳು, ಪಾದ ಹಾಗೂ ಕೀಲುಗಳಲ್ಲಿರುವ ನರಗಳು. ಬ್ಯಾಡ್ಮಿಂಟನ್ ಆಡುವವನ ಕಣ್ಣು ಷಟಲ್ಲಿನ ಬೆನ್ನುಹತ್ತಿರುತ್ತದೆ. ಅದು ನೆಲವನ್ನು ನೋಡದು. ತಲೆ ಹಿಂದಕ್ಕೆ ಬಾಗಿ ಥಟ್ಟನೆ ತಿರುಗುವುದರಿಂದ ಕಿವಿಯೊಳಗಿನ ತಕ್ಕಡಿಯೂ ತೂಗಾಡುತ್ತದೆ. ಉಳಿದ ಹೊರೆಯೆಲ್ಲ ಪಾದದ ಗಂಟಿನ ಮೇಲೆ ಬೀಳುತ್ತದೆ. ಈ ಗಂಟಿಗೆ ಶಿಕ್ಷಣ ಕೊಡುವುದಕ್ಕೆ ಯಾವ ಯಂತ್ರವೂ ಬೇಡ. ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಕಾಲಿನ ಮೇಲೆ ಅರ್ಧ ನಿಮಿಷ, ಇನ್ನೊಂದರ ಮೇಲೆ ಅರ್ಧ ನಿಮಿಷ ನಿಂತರಾಯಿತು. ಅದು ಸುಲಭವಾದ ಮೇಲೆ, ಗೋಡೆಯ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಲ್ಲಬೇಕು. ಮೊದಲ ದಿನ ಹತ್ತು ಎಣಿಸುವುದರೊಳಗೆ ಓಲಾಡಿದರೆ ನಾಚಬೇಕಾಗಿಲ್ಲ. ಅನಂತರ ಒಂಟಿಗಾಲಿನಲ್ಲಿ ನಿಂತು, ಜೊತೆಗಾರ ಎಸೆದ ಚೆಂಡನ್ನು ಹಿಡಿಯುವುದು. ಹಿಂದೆ ಬೀದಿಯಲ್ಲಿ ಹುಡುಗಿಯರು ಬಿಲ್ಲೆ ತಳ್ಳುತ್ತ ಕುಂಟುತ್ತಿದ್ದ ಆಟ, ಖೊಖೊದಲ್ಲಿ ಕುಳಿತಲ್ಲಿಂದ ಚಿಮ್ಮಿ ಏಳುವುದು, ಹಗ್ಗದಾಟ - ಇವೆಲ್ಲ ಹೆಸರಿಲ್ಲದೆ ಕೊಟ್ಟ ಇದೇ ಶಿಕ್ಷಣ.

ಮೂವತ್ತೈದು ನಲವತ್ತು ದಾಟಿದವರು ಇನ್ನೂ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು ಆಟದ ನಡುವೆ ಹರಿದುಹೋದವರನ್ನು ಸ್ವೀಡನ್ನಿನ ವೈದ್ಯರು ಪರೀಕ್ಷಿಸಿ 1998ರಲ್ಲಿ ವರದಿ ಮಾಡಿದರು. ಹಾಗೆ ಪೆಟ್ಟಾದವರಲ್ಲಿ ಬಹುಪಾಲು ಹವ್ಯಾಸಿಗಳು. ಪೆಟ್ಟಾದದ್ದು ಬಹುಮಟ್ಟಿಗೆ ಆಟದ ನಡುವಿನಲ್ಲಿ ಅಥವಾ ಕೊನೆಯಲ್ಲಿ. ದಣಿದ ಮೇಲೆ ‘ಇನ್ನೊಂದೇ ಗೇಮು’ ಎನ್ನುವ ಉಮೇದಿನಲ್ಲಿ ಅಪಾಯವಿದೆ. ಬೆಚ್ಚಗಾಗದ ಕಾಲಿನಿಂದ ಆಟಕ್ಕೆ ಇಳಿಯುವುದೂ ಜಾಣತನವಲ್ಲ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಮೇಲೆತ್ತಿ, ಮೆಲ್ಲಗೆ ಕೆಳಗಿಳಿಸುವ ಅಭ್ಯಾಸ ಈ ರಜ್ಜುವನ್ನು ಗಟ್ಟಿಮಾಡುತ್ತದೆ. ಗರಡಿಯ ಬಸ್ಕಿಯಿಂದ ತೊಡೆ ಗಟ್ಟಿಯಾಗುತ್ತದೆ.

ಬೂಟಿನ ವಿಷಯದಲ್ಲಿಯೂ ಹಲವರು ಮೋಸಹೋಗುತ್ತಾರೆ. ಓಟದ ಬೂಟಿನ ಹಿಮ್ಮಡಿ ದಪ್ಪ ಹಾಗೂ ಎತ್ತರ. ಅದು ನೇರ ಓಡುವವರಿಗೆ ಹಿತ, ಅಡ್ಡ ಸರಿಯುವವರ ಪಾದವನ್ನು ಹೊರಳಿಸುತ್ತದೆ. ಅಡಿ ತೆಳ್ಳಗೆ, ಚಪ್ಪಟೆಯಾಗಿರುವ ರಬ್ಬರಿನ ಬೂಟೇ ಈ ಆಟಕ್ಕೆ ತಕ್ಕುದು. ಬರಿಯ ಸಿಮೆಂಟಿನ ನೆಲದ ಮೇಲೆ ದಿನವೂ ಜಿಗಿಯುವವರ ಮೊಣಕಾಲು ಬೇಗ ದೂರು ಹೇಳುತ್ತದೆ.

ಸವಡಿಯಂಥ ಊರಿನವರಿಗೆ ಮರದ ನೆಲದ ಒಳಾಂಗಣ ಎಲ್ಲಿಂದ ಬರಬೇಕು? ಬಾರದಿದ್ದರೂ ಚಿಂತೆಯಿಲ್ಲ, ಏಕೆಂದರೆ ಹೆಜ್ಜೆಯ ಅಭ್ಯಾಸಕ್ಕೆ ಷಟಲ್ಲೇ ಬೇಡ. ಆದುದರಿಂದ ಗಾಳಿಯ ಭಯವೂ ಇಲ್ಲ. ಎರೆಯ ಮೇಲೆ ಗರಸು ಹಾಕಿ ನೀರು ಚಿಮುಕಿಸಿ ಗುಂಡು ಎಳೆದ ಜಾಗವಾದರೆ ಸಾಕು. ಹಿಂದೆ ಜೋಳ ಕಡಲೆಗಳ ಸುಗ್ಗಿಗೆಂದು ಸಗಣಿ ಸಾರಿಸಿ ಕಣ ಮಾಡುತ್ತಿದ್ದವರಿಗೆ ಈ ಕೆಲಸವನ್ನು ಹೇಳಿಕೊಡಬೇಕಾದುದೇನಿದೆ! ಅಂಥ ನೆಲದ ಮೇಲೆ ಬೂದಿಯಿಂದ 22 ಅಡಿಗೆ 17 ಅಡಿಯ ಚೌಕವನ್ನೆಳೆದು, ನಾಲ್ಕು ಮೂಲೆಗೆ ನಾಲ್ಕು, ಎರಡು ಬದಿಯ ನಡುವೆ ಎರಡು, ಹೀಗೆ ಆರು ಕಲ್ಲುಗಳನ್ನಿಡಬೇಕು. ಒಬ್ಬನು ನಡುವೆ ನಿಲ್ಲಲಿ. ಇನ್ನೊಬ್ಬನು ಎದುರಿಗೆ ನಿಂತು ಕೈಮಾಡಿ ಒಂದೊಂದು ಕಲ್ಲನ್ನು ತೋರಿಸಲಿ. ನಡುವಿನವನು ಪುಟ್ಟದಾಗಿ ಜಿಗಿದು, ಆ ಕಲ್ಲಿನವರೆಗೆ ಹೋಗಿ, ಇಲ್ಲದ ಷಟಲ್ಲನ್ನು ಹೊಡೆದು, ಮತ್ತೆ ನಡುವಿಗೆ ಮರಳಬೇಕು; ಮರಳುವವರೆಗೂ ಹೊಡೆತ ಮುಗಿಯಲಿಲ್ಲವೆಂದೇ ಲೆಕ್ಕ. ಇಪ್ಪತ್ತು ಸೆಕೆಂಡು ಓಡಾಟ, ನಲವತ್ತು ಸೆಕೆಂಡು ವಿಶ್ರಾಂತಿ, ಹೀಗೆ ಆರು ಸಲ, ವಾರಕ್ಕೆ ಮೂರು ದಿನ. ಮೊದಲ ಹದಿನೈದು ದಿನ ವೇಗದ ಮಾತೇ ಬೇಡ. ಧೂಳೆದ್ದು ಬೂಟು ಜಾರತೊಡಗಿದರೆ ಒಂದು ಕೊಡ ನೀರು ಚಿಮುಕಿಸಿ, ನೆಲ ಆರುವವರೆಗೆ ಜೊತೆಗಾರರಿಬ್ಬರೂ ಅಂಚಿನಲ್ಲಿ ಒಂಟಿಗಾಲಿನಲ್ಲಿ ನಿಂತಿರಬಹುದು.