ಹೃದಯದ ಶಸ್ತ್ರಚಿಕಿತ್ಸೆಯೂ ಜೀವಸತ್ವದ ಗುಳಿಗೆಯೂ

ಬೈಪಾಸ್ ಎಂದರೆ ಕಟ್ಟಿಕೊಂಡ ಹೃದಯನಾಳಕ್ಕೆ ಕಾಲಿನ ಅಥವಾ ಎದೆಯ ನಾಳವನ್ನು ಜೋಡಿಸಿ ಬಳಸುದಾರಿ ಮಾಡುವುದು. ಸಾಮಾನ್ಯವಾಗಿ ಆಗ ಹೃದಯವನ್ನು ಕೆಲಹೊತ್ತು ನಿಲ್ಲಿಸಿ, ಅದರ ಕೆಲಸವನ್ನು ಯಂತ್ರಕ್ಕೆ ವಹಿಸುತ್ತಾರೆ. ರಕ್ತ ಮರಳಿ ಹರಿದೊಡನೆ ಜೀವಕೋಶಗಳಲ್ಲಿ ಆಮ್ಲಜನಕದ ಉಗ್ರ ಕಣಗಳು ಹುಟ್ಟಿ ಅವುಗಳನ್ನೇ ಘಾಸಿಗೊಳಿಸುತ್ತವೆ. ಪ್ರಾಣವಾಯುವೇ ಪೀಡೆಯಾಗುವುದು ವಿಚಿತ್ರವಲ್ಲವೆ! ಈ ಕಣಗಳನ್ನು ಅಡಗಿಸುವ 'ಸಿ', 'ಇ' ಜೀವಸತ್ವಗಳನ್ನು ನುಂಗಿದರೆ ಬೇಗ ಚೇತರಿಸಿಕೊಳ್ಳಬಹುದೆಂಬ ತರ್ಕಕ್ಕೆ ಇದೇ ಮೂಲ.

ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ 'ಸಿ' ಕೊಟ್ಟಾಗ ಎದೆಬಡಿತದ ಏರುಪೇರು ತಗ್ಗಿತೆಂದು ಕೆಲವು ಸಣ್ಣ ಪರೀಕ್ಷೆಗಳು ಹೇಳಿವೆ. ಎಲ್ಲವೂ ಹಾಗೆ ಹೇಳಿಲ್ಲ. ದೀರ್ಘಕಾಲದ ಸೇವನೆಯ ಮಾತು ಬೇರೆ. ಬ್ರಿಟನ್ನಿನಲ್ಲಿ ಹೃದ್ರೋಗ, ಮಧುಮೇಹ ಮೊದಲಾದವುಗಳಿದ್ದ 20,536 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಐದು ವರ್ಷ 'ಇ', 'ಸಿ' ಮತ್ತು ಬೀಟಾ ಕ್ಯಾರೊಟೀನ್ ಕೊಟ್ಟು ನೋಡಿದರು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು: ರಕ್ತದಲ್ಲಿ ಜೀವಸತ್ವವೇನೋ ಏರಿತು, ಹೃದಯಾಘಾತ ಇಳಿಯಲಿಲ್ಲ. ಫಿನ್ಲೆಂಡಿನ ಧೂಮಪಾನಿಗಳಲ್ಲಿ ಬೀಟಾ ಕ್ಯಾರೊಟೀನ್ ತೆಗೆದುಕೊಂಡವರಿಗೇ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾದದ್ದು 1994ರಲ್ಲಿಯೇ ತಿಳಿದಿತ್ತು.

ನಮ್ಮ ದೊಡ್ಡಪ್ಪನವರಿಗೆ ಬೈಪಾಸ್ ಆದ ಮೇಲೆ ನೆಂಟರೊಬ್ಬರು ಇಂಥದೇ ಸೀಸೆ ತಂದುಕೊಟ್ಟರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಚೀಟಿ ಓದುವ ಕೆಲಸ ನನ್ನ ಪಾಲಿಗೆ ಬಂತು. ವೈದ್ಯರನ್ನು ಕೇಳಿದೆವು, ಸೀಸೆ ಬೇಡ, ಆಸ್ಪಿರಿನ್ ಮತ್ತು ಸ್ಟ್ಯಾಟಿನ್ ಮಾತ್ರ ಒಂದು ದಿನವೂ ತಪ್ಪಬಾರದು ಎಂದರು. ದೊಡ್ಡಪ್ಪನವರು ನೆಲ್ಲಿಕಾಯಿ ಚಟ್ನಿಯನ್ನು ಬಿಟ್ಟಿಲ್ಲ, ಅದು ರುಚಿಗೆ.