‘ನಡೀತದಲ್ಲ’ ಅಂತ ಬಿಟ್ಟ ಹಳೇ ಸಾಫ್ಟ್‌ವೇರ್: ಕಳ್ಳರಿಗೆ ಹಿತ್ತಲ ಬಾಗಿಲು

ಅಕ್ಕಲಕೋಟ: ಅಡತಿ ಅಂಗಡಿ ಇರಲಿ, ಪತಸಂಸ್ಥೆ ಇರಲಿ, ಗಡಿಭಾಗದ ನಮ್ಮ ಊರುಗಳಲ್ಲಿ ಈಗ ಲೆಕ್ಕವೆಲ್ಲ ಕಂಪ್ಯೂಟರಿನಲ್ಲೇ. ಅದು ಕೈಕೊಟ್ಟರೆ ಸೊಲ್ಲಾಪುರದಿಂದ ರಿಪೇರಿ ಹುಡುಗ ಬಸ್ ಹತ್ತಿ ಬರಬೇಕೆಂದೇನೂ ಇಲ್ಲ. ‘ನೆಟ್ ಚಾಲೂ ಇಡ್ರಿ, ಇಲ್ಲಿಂದನ ನೋಡ್ತೀನಿ’ ಅಂದರಾಯಿತು, ಪರದೆಯ ಮೇಲೆ ಬಾಣ ತಾನೇ ಓಡಾಡಿ ಕೆಲಸ ಮುಗಿಯುತ್ತದೆ. ಇದೇ ರಿಮೋಟ್ ಡೆಸ್ಕ್‌ಟಾಪ್. ಅನುಕೂಲವೇನೋ ದೊಡ್ಡದು. ಆದರೆ ಒಮ್ಮೆ ಹಾಕಿಸಿದ ಮೇಲೆ ಅದರ ಕಡೆ ತಿರುಗಿ ನೋಡುವವರು ಯಾರು?

ಈ ಜಾತಿಯ ಹಳೇ ಸಾಫ್ಟ್‌ವೇರ್ ವಿಎನ್‌ಸಿ. ಇಂಗ್ಲೆಂಡಿನ ಕೇಂಬ್ರಿಜ್‌ನ ಒಲಿವೆಟ್ಟಿ ಪ್ರಯೋಗಾಲಯದಲ್ಲಿ ಹುಟ್ಟಿ, 1990ರ ದಶಕದ ಕೊನೆಗೆ ಪುಕ್ಕಟೆಯಾಗಿ ಹೊರಬಂತು. ಅದರದೇ ದಾರಿ ಹಿಡಿದು ಅಲ್ಟ್ರಾವಿಎನ್‌ಸಿ, ಟೈಟ್‌ವಿಎನ್‌ಸಿ, ಟರ್ಬೊವಿಎನ್‌ಸಿ ಅಂತ ಸಂತಾನ ಬೆಳೆಯಿತು. 2019ರ ನವೆಂಬರಿನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆಯವರು ಈ ಮೂರು ಮತ್ತು ಲಿಬ್‌ವಿಎನ್‌ಸಿ ಸೇರಿ ನಾಲ್ಕನ್ನು ಜಾಲಾಡಿ 37 ದೋಷ ಹೊರತೆಗೆದರು. ಅಲ್ಟ್ರಾವಿಎನ್‌ಸಿ ಒಂದರಲ್ಲೇ 22! ಕೆಲವಂತೂ 1999ರಿಂದ ಹಾಗೇ ಕುಳಿತಿದ್ದವು. ಆ ಹೊತ್ತಿಗೆ ಇಂಟರ್ನೆಟ್ಟಿಗೆ ನೇರ ತೆರೆದುಕೊಂಡಿದ್ದ ವಿಎನ್‌ಸಿ ಯಂತ್ರಗಳು 6 ಲಕ್ಷಕ್ಕೂ ಹೆಚ್ಚು.

ಇವುಗಳಲ್ಲಿ ಹಲವು ‘ಬಫರ್ ಓವರ್‌ಫ್ಲೋ’ ಜಾತಿಯವು. ಬ್ಯಾಂಕಿನ ಫಾರ್ಮ್ ನೆನೆಸಿಕೊಳ್ಳಿ. ಹೆಸರು ಬರೆಯಲು 20 ಚೌಕ, ಅದರ ಕೆಳಗೆ ‘ಕಚೇರಿ ಉಪಯೋಗಕ್ಕೆ ಮಾತ್ರ’ ಎಂಬ ಜಾಗ. ಒಬ್ಬ 40 ಅಕ್ಷರ ಬರೆದ. ಹೆಚ್ಚಿನದು ಕೆಳಗಿನ ಜಾಗಕ್ಕೆ ಇಳಿಯಿತು. ಅಲ್ಲಿ ‘ತಿಜೋರಿ ಕೀಲಿ ಇವನಿಗೆ ಕೊಡಿ’ ಎಂದಿದ್ದರೆ? ಗುಮಾಸ್ತನಾದರೆ ಬೈದು ಕಳಿಸುತ್ತಾನೆ. ಕಂಪ್ಯೂಟರ್ ಸಾಹೇಬರ ಅಪ್ಪಣೆಯೆಂದೇ ತಿಳಿದು ಕೊಟ್ಟುಬಿಡುತ್ತದೆ. ಬಂದ ಮಾಹಿತಿ ಎಷ್ಟು ಉದ್ದವಿದೆ ಎಂದು ಸಾಫ್ಟ್‌ವೇರ್ ಅಳೆದು ನೋಡದಿದ್ದರೆ ಆಗುವುದು ಇದೇ.

ಕೆಡುವುದು ಅಂಗಡಿಯ ಕಂಪ್ಯೂಟರ್ ಮಾತ್ರವೆಂದು ತಿಳಿಯಬೇಡಿ. ದೂರದಿಂದ ನೋಡುವವನ ಸಾಫ್ಟ್‌ವೇರಿನಲ್ಲೂ ತೂತುಗಳು ಸಿಕ್ಕಿವೆ. ಒಂದು ಕೆಟ್ಟ ಯಂತ್ರಕ್ಕೆ ಜೋಡಿಸಿಕೊಂಡರೆ ರಿಪೇರಿ ಹುಡುಗನ ಕಂಪ್ಯೂಟರೇ ಕಳ್ಳರ ಕೈಸೇರಬಹುದು. ಅವನಲ್ಲಿ ಎಷ್ಟು ಅಂಗಡಿಗಳ ಪಾಸ್‌ವರ್ಡ್ ಇರುತ್ತವೆ, ನೀವೇ ಲೆಕ್ಕ ಹಾಕಿ.

ಉಳಿದವರು ತಿದ್ದಿದ ಆವೃತ್ತಿ ಕೊಟ್ಟರು. ಟೈಟ್‌ವಿಎನ್‌ಸಿಯ 1ನೇ ಸರಣಿಗೆ ಮಾತ್ರ ಅದೂ ಸಿಗಲಿಲ್ಲ. ಅದನ್ನು ನೋಡಿಕೊಳ್ಳುವುದನ್ನೇ ಕಂಪನಿ ನಿಲ್ಲಿಸಿತ್ತು. ಅಂಥದ್ದು ಇದ್ದರೆ ತೆಗೆಸುವುದೊಂದೇ ದಾರಿ.

2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಎಚ್ಚರಿಸಿದ ಎನಿಡೆಸ್ಕ್ ಮೋಸದ ಬಗೆ ಬೇರೆ. ಅಲ್ಲಿ ತೂತು ಬೇಕಿಲ್ಲ, ಫೋನಿನಲ್ಲಿ ನಾವೇ ನಂಬರ್ ಹೇಳಿ ಬಾಗಿಲು ತೆಗೆಯುತ್ತೇವೆ. ಇಲ್ಲಿ ನಾವು ಬಾಯಿ ಬಿಡದಿದ್ದರೂ ಕಳ್ಳ ಒಳಬರಬಹುದು.

ಯಾವ ಸಾಫ್ಟ್‌ವೇರ್ ಹಾಕಿದ್ದಾರೆ, ಎಷ್ಟನೇ ಆವೃತ್ತಿ ಎಂದು ರಿಪೇರಿಯವರನ್ನು ಇವತ್ತೇ ಕೇಳಿ. ವಿಎನ್‌ಸಿಯ 5900 ಪೋರ್ಟ್ ಇಂಟರ್ನೆಟ್ಟಿಗೆ ನೇರ ತೆರೆದಿದ್ದರೆ ಮುಚ್ಚಿಸಿ. ಕೆಲಸ ಮುಗಿದ ಮೇಲೆ ಬಂದ್ ಮಾಡಿ. ಪಾಸ್‌ವರ್ಡ್ ಗಟ್ಟಿ ಇರಲಿ. ಹಳೇ ವಿಎನ್‌ಸಿ ಪದ್ಧತಿಯಲ್ಲಿ ಮೊದಲ 8 ಅಕ್ಷರಗಳಷ್ಟೇ ಲೆಕ್ಕಕ್ಕೆ, ಮುಂದಿನದ್ದೆಲ್ಲ ಬರೆದರೂ ಒಂದೇ, ಬಿಟ್ಟರೂ ಒಂದೇ.